ಕೆಡವಿದ್ದೋ, ಬಿಚ್ಚಿ ಇಳಿಸಿದ್ದೋ

ನವೆಂಬರ್ 17, 2024, ಭಾನುವಾರ. ಅರಸೀಕೆರೆ

ಅಕ್ಕನ ಮಗ ಬೇಲೂರಿನಿಂದ ಬೆಳಗಿನ ಬಸ್ಸಿಗೇ ಬಂದಿಳಿದ. ದೇವಸ್ಥಾನದ ಹತ್ತಿರ ಗೈಡ್ ಆಗಬೇಕೆಂಬ ಹಟ ಅವನದು. ಕನ್ನಡದಲ್ಲಿ ಹೇಳುವುದಕ್ಕೆ ಯಾರ ಹಂಗೂ ಬೇಡ, ಬಾಯಿ ತುಂಬ ಮಾತಿದೆ. ಇಂಗ್ಲಿಷು ಮಾತ್ರ ನಡುದಾರಿಯಲ್ಲಿ ಕೈಕೊಡುತ್ತದಂತೆ. "ಮಾವ, ನೀವು ಅಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದೋರು. ಈ ಡಿಫರೆನ್ಸ್‌ಗಳದ್ದೆಲ್ಲ ಒಂದು ಪಟ್ಟಿ ಮಾಡ್ಕೊಡಿ" ಎಂದ.

ಬಸ್ ಸ್ಟ್ಯಾಂಡಿನಲ್ಲಿ ಮಾರುವಂಥ ತೆಳ್ಳನೆಯ ಪುಸ್ತಕವೊಂದು ಅವನ ಚೀಲದಲ್ಲಿತ್ತು. ಪ್ರಿನ್ಸಿಪಲ್‌ಗೂ ಪ್ರಿನ್ಸಿಪಲ್‌ಗೂ ಏನು ವ್ಯತ್ಯಾಸ, ಸ್ಟೇಷನರಿಗೂ ಸ್ಟೇಷನರಿಗೂ ಏನು ವ್ಯತ್ಯಾಸ. ಕನ್ನಡದಲ್ಲಿ ಬರೆದು ನೋಡಿದರೆ ಕಥೆ ಮುಗಿಯಿತು, ಎರಡೂ ಒಂದೇ! ಪ್ರಶ್ನೆಪತ್ರಿಕೆಗಳಿಗೆ ಇಂಥ ಜೋಡಿಗಳ ಮೇಲೆ ಬಲು ಪ್ರೀತಿ. ಒಂದು ಅಂಕ ಕೊಡುವುದೂ ಸುಲಭ, ಕೀಳುವುದೂ ಸುಲಭ. ಆದರೆ ಅವು ಕಾಗುಣಿತದ ತಾಪತ್ರಯ. ಬಾಯಲ್ಲಿ ಬದುಕುವ ಗೈಡಿಗೆ ಅವುಗಳಿಂದ ಆಗಬೇಕಾದ್ದೇನಿಲ್ಲ. ಪುಸ್ತಕ ಮಡಿಸಿಡು, ನೀನು ಹೇಳುವ ಮಾತನ್ನೇ ಬರೆದು ತೋರಿಸು ಎಂದೆ.

ಮೊದಲ ಸಾಲಿನಲ್ಲೇ ನಮ್ಮೂರು ಬಂತು. ಅರಸೀಕೆರೆ ಅಂದರೆ ಕ್ವೀನ್ಸ್ ಟ್ಯಾಂಕ್. ಬರೆದದ್ದು ಸರಿಯೇ. ಅರಸಿಯ ಕೆರೆ. ಆದರೆ ಹೊರದೇಶದವರೊಬ್ಬರು ಇದನ್ನು ಕೇಳಿ, ರಾಣಿಗೆ ಟ್ಯಾಂಕ್ ಯಾಕೆ ಬೇಕಿತ್ತು, ಯುದ್ಧಕ್ಕೆ ಹೋಗುತ್ತಿದ್ದಳೇ ಎಂದು ನಕ್ಕರಂತೆ. "ನಮಗೂ ಟ್ಯಾಂಕ್ ಅಂದ್ರೆ ಮನೆ ಮೇಲಿನ ಸಿಂಟೆಕ್ಸೇ ತಾನೇ ಮಾವ? ಲೇಕ್ ಅಂತ ಹೇಳಿಬಿಡ್ಲಾ?"

ಲೇಕ್ ಅಂದರೆ ತಾನಾಗಿ ಆದದ್ದು, ಸರೋವರ. ಕೆರೆ ತಾನಾಗಿ ಆಗುವುದಿಲ್ಲ. ಯಾರೋ ಏರಿ ಕಟ್ಟಿಸಬೇಕು, ತೂಬು ಇಡಬೇಕು, ಕೋಡಿ ಬಿಡಬೇಕು, ವರ್ಷವರ್ಷ ಹೂಳೆತ್ತಬೇಕು. ಲೇಕ್ ಎಂದ ಕೂಡಲೇ ಅಷ್ಟೂ ಜನರ ಬೆವರು ಅಳಿಸಿಹೋಗುತ್ತದೆ. ಹಳೆಯ ಮೈಸೂರಿನ ಗೆಜೆಟಿಯರುಗಳಲ್ಲಿ, ಇಂದಿನ ಸಣ್ಣ ನೀರಾವರಿ ಇಲಾಖೆಯ ಕಡತಗಳಲ್ಲಿ ಎಲ್ಲೆಲ್ಲೂ ಟ್ಯಾಂಕ್ ಎಂದೇ ಇದೆ. ಆ ಪದ ಇಂಗ್ಲಿಷಿಗೆ ಹೋದದ್ದೇ ಗುಜರಾತದ ಕಡೆಯಿಂದ ಎನ್ನುತ್ತವೆ ನಿಘಂಟುಗಳು, ಪೋರ್ಚುಗೀಸರ ಪದವೂ ಅದರ ಜೊತೆ ಕಲೆತಿರಬಹುದಂತೆ. ಯುದ್ಧದ ಟ್ಯಾಂಕ್ ತೀರ ಈಚಿನದು. ಮೊದಲ ಮಹಾಯುದ್ಧದಲ್ಲಿ ಆ ಬಂಡಿಯನ್ನು ಗುಟ್ಟಾಗಿ ತಯಾರಿಸುವಾಗ, ಇದು ನೀರಿನ ತೊಟ್ಟಿ ಎಂದು ನಂಬಿಸಲು ಇಟ್ಟ ಕಳ್ಳಹೆಸರೇ 1916ರ ಹೊತ್ತಿಗೆ ಗಟ್ಟಿಯಾಯಿತು. ಹಾಗಾಗಿ ರಾಣಿಯದೇ ಮೊದಲ ಹಕ್ಕು!

ರಿಸರ್ವಾಯರ್ ಎಂದರೆ ಬೇಲೂರಿನ ಯಗಚಿ ಅಣೆಕಟ್ಟು. ಅದನ್ನು ಅಲ್ಲಿಗೇ ಬಿಡಬೇಕು. ಕೊನೆಗೆ ಅವನಿಗೆ ಕೊಟ್ಟ ಸಾಲು: ಟ್ಯಾಂಕ್ ಎನ್ನು, ಎಂದ ಮರುಕ್ಷಣ ಮನುಷ್ಯರು ಏರಿ ಕಟ್ಟಿ ನಿಲ್ಲಿಸಿದ ನೀರು ಎಂದೂ ಸೇರಿಸು. ಹಳೇಬೀಡಿಗೆ ಬಂದಾಗ ಇದೇ ಸಾಲು ಕೆಲಸಕ್ಕೆ ಬರುತ್ತದೆ. ದ್ವಾರಸಮುದ್ರ ಎಂಬ ರಾಜಧಾನಿಯ ಹೆಸರಲ್ಲಿರುವ ಸಮುದ್ರವೂ ಕೆರೆಯೇ. ಅದನ್ನು 'ಸೀ' ಎಂದು ಅನುವಾದಿಸುವ ಉತ್ಸಾಹವನ್ನು ತಡೆದದ್ದಾಯಿತು. ಅಲ್ಲೇ ಹತ್ತಿರದ ಹುಲಿಕೆರೆಯಲ್ಲಿ ಮೆಟ್ಟಿಲು ಕಟ್ಟಿದ ಕೊಳ ಇದೆ, ಅದಕ್ಕೂ ಟ್ಯಾಂಕೇ. ಕೆರೆ, ಕಟ್ಟೆ, ಕುಂಟೆ, ಕೊಳ, ಹೊಂಡ, ಕಲ್ಯಾಣಿ. ಇಷ್ಟಕ್ಕೂ ಒಂದೇ ಕೊಡ ಹಿಡಿದು ನಿಂತಿದೆ ಪಾಪ ಇಂಗ್ಲಿಷು.

ನವೆಂಬರ್ 19, ಮಂಗಳವಾರ

ಇಂದಿನಿಂದ ವಿಶ್ವ ಪರಂಪರೆ ಸಪ್ತಾಹ, 25ರವರೆಗೆ. ಅಳಿಯ ಫೋನ್ ಮಾಡಿ ಹಿಸ್ಟಾರಿಕ್ಕೋ ಹಿಸ್ಟಾರಿಕಲ್ಲೋ ಎಂದು ಕೇಳಿದ. ಹೊಯ್ಸಳರ ಗುಡಿಗಳು 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ಪಟ್ಟಿ ಸೇರಿದವಲ್ಲ, ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಒಟ್ಟಿಗೆ, ಆ ದಿನ ಹಿಸ್ಟಾರಿಕ್. ಗುಡಿಯ ಗೋಡೆಯ ಶಾಸನ ಹಿಸ್ಟಾರಿಕಲ್. ಒಂದು ನೆನಪಿಡಬೇಕಾದ್ದು, ಇನ್ನೊಂದು ನೆನಪಿಗೆ ಆಧಾರವಾದ್ದು. ತಪ್ಪಿ ಒಂದಕ್ಕೊಂದು ಅಂದರೂ ಯಾರಿಗೂ ನಷ್ಟವಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ನವೆಂಬರ್ 24, ಭಾನುವಾರ. ಬೇಲೂರು, ಅಕ್ಕನ ಮನೆ

ಬೆಳಗ್ಗೆ ಚೆನ್ನಕೇಶವನ ಗುಡಿಯಲ್ಲಿ ಅವನ ಹಿಂದೆ ಪ್ರವಾಸಿಯಂತೆ ನಡೆದೆ. ಒಂದು ಗುಂಪಿಗೆ ವಿವರಿಸುವ ಅಭ್ಯಾಸ ನನ್ನ ಮೇಲೇ ನಡೆಯಿತು. ಜಗತಿ ಹತ್ತಿದ ಕೂಡಲೇ "ದಿಸ್ ಈಸ್ ಸ್ಯಾಂಡ್‌ಸ್ಟೋನ್" ಎಂದ. ಸೋಪ್‌ಸ್ಟೋನ್ ಎನ್ನಬೇಕಿತ್ತು, ನಾಲಿಗೆ ಜಾರಿದ್ದು. ಆದರೆ ಇದು ಹಿಸ್ಟಾರಿಕ್-ಹಿಸ್ಟಾರಿಕಲ್ ಥರದ ಜಾರುವಿಕೆ ಅಲ್ಲ. ಮರಳುಗಲ್ಲು ಬಾದಾಮಿ, ಐಹೊಳೆಯದು. ನಾಲಿಗೆ ಜಾರಿದರೆ ಗುಡಿಯೇ ಮಲಪ್ರಭೆಯ ದಂಡೆಗೆ ಹೋಗಿ ಕೂರುತ್ತದೆ. ಇಲ್ಲಿಯದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಮದನಿಕೆಯರ ಕಿವಿಯ ಓಲೆ, ಕೈಬಳೆಯ ಸಂದು ಅಷ್ಟು ಸಣ್ಣಗೆ ಬಂದಿರುವುದಕ್ಕೆ ಈ ಗುಣವೇ ಕಾರಣ. ಭೂವಿಜ್ಞಾನ ಓದಿದವರು ಕ್ಲೋರೈಟ್ ಶಿಸ್ಟ್ ಎಂದು ತಿದ್ದಬಹುದು, ತಿದ್ದಲಿ.

ಒಳಗೆ ದೇವರ ಮುಂದೆ ನಿಂತಾಗ 'ಸ್ಟ್ಯಾಚ್ಯೂ' ಎಂದ. ಅಕ್ಕ ಪಕ್ಕದಲ್ಲೇ ಇದ್ದಳು. "ಸ್ಟ್ಯಾಚು ಬಸ್ ಸ್ಟ್ಯಾಂಡ್ ಹತ್ರ ಇರುತ್ತಲ್ಲೋ, ಇದು ದೇವ್ರು" ಅಂದಳು. ಅಕ್ಕ ಇಂಗ್ಲಿಷ್ ಓದಿದವಳಲ್ಲ, ಆದರೂ ವ್ಯತ್ಯಾಸ ನಿಖರವಾಗಿ ಹೇಳಿದ್ದು ಅವಳೇ. ಕನ್ನಡದಲ್ಲೂ ವೃತ್ತದಲ್ಲಿ ನಿಲ್ಲಿಸಿದ್ದು ಪ್ರತಿಮೆ, ಗರ್ಭಗುಡಿಯಲ್ಲಿರುವುದು ವಿಗ್ರಹ, ಅಲಂಕಾರ ಮಾಡಿ ಹೊರಗೆ ತರುವುದು ಉತ್ಸವಮೂರ್ತಿ, ಹೊರಗೋಡೆಯದು ಶಿಲ್ಪ. ಯಾರೂ ಇವನ್ನು ಅದಲುಬದಲು ಮಾಡುವುದಿಲ್ಲ. 'ಐಡಲ್' ಪತ್ರಿಕೆಗಳಿಗೆ ಸಲೀಸು, ಆದರೆ ಬೈಬಲ್ ಓದಿ ಬೆಳೆದವರ ಕಿವಿಗೆ ಅದರಲ್ಲಿ ಹುಸಿದೇವರು ಎಂಬ ಧ್ವನಿ ಇದೆ. ಪೂಜೆ ನಡೆಯುತ್ತಿರುವ ಗುಡಿಯಲ್ಲಿ ನಿಂತು ಅದನ್ನು ನಾವೇ ಏಕೆ ಹೇಳಬೇಕು? ಆರ್. ನರಸಿಂಹಾಚಾರ್ ಈ ಗುಡಿಯ ಬಗ್ಗೆ 1919ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದಾಗ 'ಇಮೇಜ್' ಎಂಬ ಪದ ಹಿಡಿದರು. ಅದೇ ಇರಲಿ ಎಂದೆ. ಒಳಗೆ ಇಮೇಜ್, ಹೊರಗೆ ಸ್ಕಲ್ಪ್ಚರ್, ಬಸ್ ಸ್ಟ್ಯಾಂಡಿನ ಹತ್ತಿರ ಸ್ಟ್ಯಾಚ್ಯೂ.

ಆಮೇಲೆ ಹೊರಗೆ ಬಂದು ಮೇಲೆ ನೋಡಿ, "ಟವರ್ ವಾಸ್ ಡಿಸ್ಟ್ರಾಯ್ಡ್" ಎಂದು ಬಿಟ್ಟ. ಯಾರು ಕೆಡವಿದರು ಎಂದೆ. "ಅದೇ, ದಾಳಿ ಮಾಡಿದೋರು." ಎಲ್ಲರ ಬಾಯಲ್ಲೂ ಹಾಗೇ ಬರುತ್ತದೆ. ಗರ್ಭಗುಡಿಯ ಮೇಲಿನ ವಿಮಾನವನ್ನು, ಅದರ ಭಾರದಿಂದ ಕೆಳಗಿನ ಗರ್ಭಗುಡಿ ಶಿಥಿಲವಾಗದಿರಲೆಂದು 1879ರಲ್ಲಿ ಬಿಚ್ಚಿ ಇಳಿಸಿದರು. ಕೆಡವಿದ್ದಲ್ಲ, ಬಿಚ್ಚಿ ಇಳಿಸಿದ್ದು. ಡಿಸ್ಟ್ರಾಯ್ಡ್ ಅಲ್ಲ, ಡಿಸ್‌ಮ್ಯಾಂಟಲ್ಡ್. ಮೊದಲನೆಯದರ ಹಿಂದೆ ಒಬ್ಬ ಶತ್ರು ಇದ್ದಾನೆ, ಎರಡನೆಯದರ ಹಿಂದೆ ಗುಡಿ ಉಳಿಯಲಿ ಎಂದ ಯಾರೋ ಇದ್ದಾರೆ. ಸುಲಭವಾದ ಪದಕ್ಕೆ ಕೈಹಾಕಿದರೆ ಏಳುನೂರು ವರ್ಷದ ಹಿಂದಿನವರ ತಲೆಗೆ ನೂರೈವತ್ತು ವರ್ಷದ ಹಿಂದಿನ ಕೆಲಸ ಕಟ್ಟಿದಂತಾಯಿತು. ಇಂಥ ಜೋಡಿ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ, ಏಕೆಂದರೆ ಇದಕ್ಕೆ ಉತ್ತರ ಬರೆಯಲು ಇಂಗ್ಲಿಷ್ ಬಂದರೆ ಸಾಲದು, ಗುಡಿ ಗೊತ್ತಿರಬೇಕು.

ಮದನಿಕೆಯರಿಗೆ 'ಡ್ಯಾನ್ಸಿಂಗ್ ಗರ್ಲ್ಸ್' ಬೇಡ ಎಂದಷ್ಟೇ ಹೇಳಿದೆ. ಆ ಜೋಡಿಪದಕ್ಕೆ ಬ್ರಿಟಿಷರ ಕಾಲದ ಕೊಳೆ ಮೆತ್ತಿದೆ. ಡ್ಯಾನ್ಸರ್ ಎನ್ನಲಿ. ಅದೂ ಎಲ್ಲರಿಗೂ ಅಲ್ಲ. ಕನ್ನಡಿ ಹಿಡಿದವಳು, ಬಿಲ್ಲು ಹಿಡಿದವಳು ಕುಣಿಯುತ್ತಿಲ್ಲವಲ್ಲ.

ಡಿಸೆಂಬರ್ 1, ಭಾನುವಾರ. ಹಳೇಬೀಡು

ಜಾವಗಲ್ ದಾರಿಯ ಬಸ್ಸಿನಲ್ಲಿ ಬಂದೆ. ಮೋಡ, ಚಳಿ. ಅವನು ಬೇಲೂರಿನಿಂದ ಬೈಕಿನಲ್ಲಿ ಬಂದಿದ್ದ.

ಹಳೇಬೀಡು ಅಂದರೆ 'ರೂಯಿನ್ಡ್ ಸಿಟಿ' ಎಂದು ಇಂಗ್ಲಿಷ್ ಕೈಪಿಡಿಗಳೆಲ್ಲ ಒಂದನ್ನೊಂದು ನೋಡಿ ಬರೆದಿವೆ. ಬೀಡು ಅಂದರೆ ರಾಜ ನೆಲೆಸಿದ ಜಾಗ, ಪಾಳೆಯ. ಶಾಸನಗಳ ನೆಲೆವೀಡು ನೆನೆಯಬಹುದು. ಹಳೆಯ ಬೀಡು, ಅಷ್ಟೇ. ಹಾಳು ಎಂಬುದನ್ನು ನಾವು ಹಂಪೆಗೆ ಸೇರಿಸಿ ಹೇಳುತ್ತೇವೆ, ಇಲ್ಲಿಗೆ ಅಲ್ಲ. ಓಲ್ಡ್ ಎನ್ನುವುದಕ್ಕೂ ರೂಯಿನ್ಡ್ ಎನ್ನುವುದಕ್ಕೂ ನಡುವೆ 1311ರ ಮಲಿಕ್ ಕಾಫೂರನ ದಾಳಿ, 1327ರ ತುಘಲಕ್ ಸೈನ್ಯ ಎರಡೂ ಇವೆ, ನಿಜ. ಆದರೆ ಊರಿನ ಹೆಸರಿನಲ್ಲಿ ಅವು ಇಲ್ಲ.

ಹೊಯ್ಸಳೇಶ್ವರದ ಸುತ್ತ ನಿಧಾನ ನಡೆದೆವು. ಆನೆಯ ಸಾಲಿನಿಂದ ಹಂಸದ ಸಾಲಿನವರೆಗೆ ಅವನಿಗೆ ಬಾಯಿಪಾಠ. ಕೈ ಮುರಿದ ಮೂರ್ತಿ ಬಂದಾಗಲೆಲ್ಲ 'ಬ್ರೋಕನ್' ಎನ್ನುತ್ತಿದ್ದ. ನಿಲ್ಲಿಸಿದೆ. ಇದನ್ನು ಯಾರಾದರೂ ಬೇಕೆಂದೇ ವಿರೂಪ ಮಾಡಿದ್ದರೆ ಡಿಫೇಸ್ಡ್. ಮಳೆ ಬಿಸಿಲಿಗೆ ಸವೆದದ್ದಾದರೆ ವೆದರ್ಡ್. ಕಳ್ಳರು ಕಿತ್ತುಕೊಂಡು ಹೋಗಿದ್ದರೆ ಸ್ಟೋಲನ್. ಶಿಲ್ಪಿಯ ಉಳಿ ಅರ್ಧಕ್ಕೇ ನಿಂತ ಕಲ್ಲಾದರೆ ಅನ್‌ಫಿನಿಶ್ಡ್. ಹೇಗಾಯಿತೆಂದು ಹೇಳಲಾಗದಿದ್ದರೆ ಮಾತ್ರ ಡ್ಯಾಮೇಜ್ಡ್. ಇವು ಸಮಾನಾರ್ಥಕಗಳಲ್ಲ, ಒಂದೊಂದೂ ಒಂದೊಂದು ಪಂಚನಾಮೆ.

"ಹಾಗಾದ್ರೆ ಒಂದೊಂದು ಕಲ್ಲಿಗೂ ವಿಚಾರಿಸ್ಕೊಂಡು ಬರ್ಬೇಕಾ ಮಾವ?" ಹೂಂ, ಬರಬೇಕು. ಕನ್ನಡದಲ್ಲಿ 'ಭಗ್ನ' ಎಂದು ಗಂಭೀರವಾಗಿ ಹೇಳಿ ದಾಟಿಕೊಳ್ಳುತ್ತೇವೆ, ಯಾರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ತಡವರಿಸುವುದರಿಂದಲೇ ಈ ಹುಡುಗ ಕಲ್ಲನ್ನು ಎರಡನೇ ಸಲ ನೋಡುತ್ತಿದ್ದಾನೆ.

ಮೇಲೆ ಶಿಖರವಿಲ್ಲ. 'ಮಿಸ್ಸಿಂಗ್' ಎಂದರೆ ಇದ್ದು ಹೋಯಿತು ಎಂದು ತೀರ್ಪು ಕೊಟ್ಟಂತೆ. ಜೇಮ್ಸ್ ಫರ್ಗ್ಯುಸನ್ 1876ರ ತನ್ನ ವಾಸ್ತುಶಿಲ್ಪದ ಇತಿಹಾಸದಲ್ಲಿ ಈ ಗುಡಿಯನ್ನು ಅಥೆನ್ಸಿನ ಪಾರ್ಥೆನಾನ್ ಪಕ್ಕಕ್ಕಿಟ್ಟು, ಎರಡೂ ಕಲೆಯ ಎರಡು ತುದಿಗಳು ಎಂದವನು. ಅವನು ಕೂಡ ಇದು ಪೂರ್ತಿಯಾಗದೆ ನಿಂತ ಗುಡಿ ಎಂದೇ ಬರೆದ. ಅರೆಬರೆಯಾಗಿ ನಿಂತದ್ದಕ್ಕೂ ಕಟ್ಟಿ ಕಳೆದುಕೊಂಡದ್ದಕ್ಕೂ ಬಹಳ ದೂರ. ಇಂದು ಇದರ ಮೇಲೆ ಶಿಖರವಿಲ್ಲ ಎಂಬ ಸಾದಾ ವಾಕ್ಯ ಸಾಕು ಎಂದು ಒಪ್ಪಿಕೊಂಡೆವು.

ಆಮೇಲೆ ಗರುಡಗಂಬ. ಇದರ ಮುಂದೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹೋಯಿತು. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಗರುಡನಾಗಿದ್ದ, ಎಂದರೆ ಮೈಗಾವಲಿನವನಾಗಿದ್ದ ಕುವರ ಲಕ್ಷ್ಮ, ಒಡೆಯ ಸತ್ತ ಮೇಲೆ ತಾನೂ ಬದುಕುವುದಿಲ್ಲ ಎಂದು ಪ್ರಾಣ ಕೊಟ್ಟವನು. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳಿದ್ದಾರೆ. ಪುರಾತತ್ವ ಇಲಾಖೆಯ ಫಲಕಕ್ಕೆ ಇಲ್ಲಿರುವುದೆಲ್ಲ ಮಾನ್ಯುಮೆಂಟ್. ಆದರೆ ಈ ಕಂಬ ಮೆಮೋರಿಯಲ್. ಗುಡಿ ದೇವರಿಗೆ, ಕಂಬ ಸತ್ತವರಿಗೆ. ಅದು ಸುಲಭದಲ್ಲಿ ಇತ್ಯರ್ಥವಾಯಿತು. ಅವರು ಮಾಡಿದ್ದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು? ಸೂಯಿಸೈಡ್ ಎಂದರೆ ಪೊಲೀಸ್ ಕೇಸಿನ ವಾಸನೆ. ಸ್ಯಾಕ್ರಿಫೈಸ್ ಎಂದರೆ ಬಲಿ, ಬೇರೆ ಯಾರೋ ಕಡಿದಂತೆ. ಗರುಡ ಎಂಬುದಕ್ಕೆ ಬಾಡಿಗಾರ್ಡ್ ಎಂದರೆ ಸಫಾರಿ ಸೂಟು ಕಣ್ಣ ಮುಂದೆ ಬರುತ್ತದೆ.

ನಮ್ಮ ಹಳೆಯ ಕನ್ನಡಕ್ಕೆ ಈ ತೊಡಕಿರಲಿಲ್ಲ. ಅನ್ನದ ಋಣಕ್ಕೆ ಹೋರಾಡುವುದು ಜೋಳವಾಳಿ. ಒಡೆಯನ ಜೊತೆಗೇ ಸಾಯುತ್ತೇನೆಂದು ಮಾತು ಕೊಟ್ಟು, ವೇಳೆ ಬಂದಾಗ ನಡೆಸುವುದು ವೇಳೆವಾಳಿ. ಚಿದಾನಂದಮೂರ್ತಿಗಳು ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ಇವನ್ನು ಬಿಡಿಸಿಟ್ಟಿದ್ದಾರೆ. ಎಷ್ಟು ಸೂಕ್ಷ್ಮ ನೋಡಿ! ಎರಡೂ ನಿಷ್ಠೆಯೇ, ಎರಡರಲ್ಲೂ ಸಾವು ಬರಬಹುದು, ಆದರೆ ಒಂದರಲ್ಲಿ ಸಾವು ಸಂಭವ, ಇನ್ನೊಂದರಲ್ಲಿ ಕರಾರು. ಅಳಿಯನಿಗೆ ಈ ಎರಡು ಪದ ಕೇಳಿ ಮೈ ಜುಮ್ಮೆಂದಿತು. "ಇದನ್ನ ಹಾಗೇ ಹೇಳ್ತೀನಿ ಮಾವ, ವೇಳೆವಾಳಿ ಅಂತಾನೇ. ಆಮೇಲೆ ಪ್ರಾಮಿಸ್ಡ್ ಡೆತ್ ಅಂತ ಬಿಡಿಸ್ತೀನಿ." ನನಗೆ ಹೊಳೆಯದ ಇಂಗ್ಲಿಷು. ನಿಘಂಟಿನಲ್ಲಿಲ್ಲ, ಆದರೆ ಮಾತು ನಿಂತಿತು.

ಡಿಸೆಂಬರ್ 8, ಭಾನುವಾರ. ಅರಸೀಕೆರೆ

ಊರ ಶಿವಾಲಯಕ್ಕೆ ಸಂಜೆ ಹೋದೆವು. 1220ರ ಆಸುಪಾಸಿನ ಕಟ್ಟಡ, ಮುಂದಿನ ತೆರೆದ ಮಂಟಪ ನಕ್ಷತ್ರದ ಆಕಾರ. ಬೇಲೂರಿಗೆ ಹೋಗಲು ನಮ್ಮ ಜಂಕ್ಷನ್ನಿನಲ್ಲಿ ರೈಲಿಳಿಯುವ ಪ್ರವಾಸಿಗಳು ಇದನ್ನು ನೋಡದೆ ಬಸ್ಸು ಹತ್ತುತ್ತಾರೆ. ನನಗೆ ಹಳೆಯ ಸಂಕಟ ಇದು, ಬರೆದು ಪ್ರಯೋಜನವಿಲ್ಲ.

ಇವತ್ತಿನ ಜಗಳ ಜೀರ್ಣೋದ್ಧಾರದ ಮೇಲೆ. ಕನ್ನಡದಲ್ಲಿ ಒಂದೇ ಪದ ಎಲ್ಲಕ್ಕೂ ಸಲ್ಲುತ್ತದೆ. ಕಲ್ಲು ಕುಸಿಯದಂತೆ ಊರೆ ಕೊಟ್ಟರೂ ಜೀರ್ಣೋದ್ಧಾರ, ಹಳೆಯ ಗುಡಿ ಕಿತ್ತುಹಾಕಿ ಕಾಂಕ್ರೀಟ್ ಗೋಪುರ ಎಬ್ಬಿಸಿದರೂ ಜೀರ್ಣೋದ್ಧಾರ, ಹೊಯ್ಸಳರ ಕಂಬಕ್ಕೆ ಎಣ್ಣೆಬಣ್ಣ ಬಳಿದು ನೆಲಕ್ಕೆ ಟೈಲ್ಸ್ ಹಾಕಿ ದಾನಿಗಳ ಹೆಸರು ಕೆತ್ತಿಸಿದರೂ ಅದೇ. ಇಂಗ್ಲಿಷು ಇಲ್ಲಿ ನಮಗಿಂತ ಚುರುಕು. ಇದ್ದದ್ದನ್ನು ಇದ್ದಂತೆ ಕಾಯುವುದು ಕನ್ಸರ್ವೇಶನ್, ಹಿಂದಿದ್ದ ರೂಪಕ್ಕೆ ತರುವುದು ರೆಸ್ಟೋರೇಶನ್, ಹೊಸದು ಮಾಡುವುದು ರೆನೊವೇಶನ್, ಬಿದ್ದದ್ದನ್ನು ಮತ್ತೆ ಎಬ್ಬಿಸುವುದು ರೀಬಿಲ್ಡಿಂಗ್. ಬೇಲೂರಿನ ರಾಜಗೋಪುರ ಕೊನೆಯ ಗುಂಪಿನದು. ವಿಜಯನಗರದ ಎರಡನೇ ಹರಿಹರನ ಕಾಲದಲ್ಲಿ, 1397ರಲ್ಲಿ, ಗುಂಡ ದಂಡನಾಯಕ ಮತ್ತೆ ಕಟ್ಟಿಸಿದ್ದು. ಅದನ್ನು ತೋರಿಸಿ ಹೊಯ್ಸಳ ಗೋಪುರ ಎಂದರೆ ಗುಂಡನಿಗೆ ಅನ್ಯಾಯ.

"ನಮ್ಮ ಬೀದಿ ಗುಡಿಗೆ ಮಾಡಿದ್ದೇನು ಮಾವ?" ಎಂದ ಕಳ್ಳನಗೆ ನಗುತ್ತ. ಅದರ ಸಮಿತಿಯಲ್ಲಿ ನನ್ನ ಷಡ್ಡಕ ಇದ್ದಾನೆ. ಉತ್ತರ ಕೊಡಲಿಲ್ಲ.

ಡಿಸೆಂಬರ್ 15, ಭಾನುವಾರ

ಫೋನಿನಲ್ಲೇ ಪಾಠ. ಲೆಜೆಂಡ್, ಮಿಥ್, ಹಿಸ್ಟರಿ. ಜಕಣಾಚಾರಿ ಲೆಜೆಂಡ್. ಮಗ ಡಂಕಣ ಮೂರ್ತಿಯಲ್ಲಿ ದೋಷ ತೋರಿಸಿದ್ದು, ಕಲ್ಲಿನೊಳಗಿಂದ ಕಪ್ಪೆ ಬಂದದ್ದು, ಕಪ್ಪೆ ಚೆನ್ನಿಗರಾಯ ಎಂಬ ಹೆಸರು, 1964ರ ಬಣ್ಣದ ಸಿನಿಮಾ, ಈಗ ಜನವರಿ 1ರಂದು ಸರ್ಕಾರ ನಡೆಸುವ ಸಂಸ್ಮರಣ ದಿನ, ಎಲ್ಲ ಇದೆ. ಅವನ ಹೆಸರಿನ ಶಾಸನ ಮಾತ್ರ ಬೇಲೂರಿನಲ್ಲಿಲ್ಲ. ಹಿಸ್ಟರಿ ಬೇಕಿದ್ದರೆ ಮದನಿಕೆಯರ ಕಾಲ ಬಳಿ ಓದಬೇಕು: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇವರ ಹೆಸರಿನಲ್ಲಿ ಸಿನಿಮಾ ಇಲ್ಲ. ಕಥೆ ಹೇಳು, ಕಥೆ ಎಂದು ಹೇಳಿ ಹೇಳು, ಆಮೇಲೆ ಈ ಅಪ್ಪಮಗನ ಹೆಸರು ಓದಿಸು ಎಂದೆ.

ಸಳ ಹುಲಿ ಕೊಂದದ್ದೂ ಲೆಜೆಂಡೇ. ಅದನ್ನು ಅವನು 'ಹೊಯ್ಸಳ ಲೋಗೋ' ಎನ್ನುತ್ತಾನೆ. ಎಂಬ್ಲಮ್ ಎಂದು ತಿದ್ದಿದೆ, ಆದರೂ ಲೋಗೋ ಎಂದಾಗ ಶಾಲೆಯ ಮಕ್ಕಳಿಗೆ ತಟ್ಟನೆ ತಿಳಿಯುತ್ತದಂತೆ. ಇರಲಿ. ಮಿಥ್ ಎಂಬುದನ್ನು ನರಸಿಂಹನ ಶಿಲ್ಪದ ಮುಂದೆ ಬಳಸಬೇಡ ಎಂದೆ. ಪಂಡಿತರ ಪುಸ್ತಕದಲ್ಲಿ ಅದಕ್ಕೆ ಒಂದು ಅರ್ಥ, ಬೀದಿಯಲ್ಲಿ 'ಸುಳ್ಳು' ಎಂಬ ಇನ್ನೊಂದು ಅರ್ಥ. ಪುರಾಣ ಎಂದೇ ಹೇಳಲಿ. ಪುರಾಣ, ಐತಿಹ್ಯ, ಸ್ಥಳಪುರಾಣ, ದಂತಕಥೆ, ಇತಿಹಾಸ ಎಂದು ಐದು ಪಾತ್ರೆ ಇಟ್ಟುಕೊಂಡ ಭಾಷೆಯವರು ನಾವು.

ಡಿಸೆಂಬರ್ 21, ಶನಿವಾರ

ಪೇಪರಿನಲ್ಲಿ ಕೊಬ್ಬರಿ ಸುದ್ದಿ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಬೆಂಬಲ ಬೆಲೆ ನಿನ್ನೆ ಪ್ರಕಟಿಸಿದೆ. ಮಿಲ್ಲಿಂಗ್ ಕೊಪ್ರಾ ಕ್ವಿಂಟಲಿಗೆ 11,582 ರೂಪಾಯಿ, ಬಾಲ್ ಕೊಪ್ರಾ 12,100. ಎರಡು ಪದಗಳ ನಡುವೆ 518 ರೂಪಾಯಿ! ಇಷ್ಟು ಕರಾರುವಾಕ್ಕಾಗಿ ಅರ್ಥವ್ಯತ್ಯಾಸ ಹೇಳಿದ ನಿಘಂಟು ನಾನು ನೋಡಿಲ್ಲ.

ಮಿಲ್ಲಿಂಗ್ ಅಂದರೆ ಕಾಯಿ ಹೋಳು ಮಾಡಿ ಒಣಗಿಸಿ ಗಾಣಕ್ಕೆ ಹಾಕುವುದು, ಹೆಚ್ಚಾಗಿ ಕೇರಳದ ಕಡೆಯ ಪದ್ಧತಿ. ಬಾಲ್ ಅಂದರೆ ನಮ್ಮ ಉಂಡೆ ಕೊಬ್ಬರಿ. ಸಿಪ್ಪೆ ಸಮೇತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡಬೇಕು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅರಸೀಕೆರೆ, ತಿಪಟೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಳಿಯನಿಗೆ ಹೇಳಬೇಕು, ಅವನ ಪ್ರವಾಸಿಗಳು ದಾರಿಯುದ್ದಕ್ಕೂ ತೋಟ ನೋಡಿ ಎಲ್ಲಕ್ಕೂ 'ಕೋಕನಟ್' ಎನ್ನುತ್ತಾರಂತೆ. ಎಳನೀರಿಗೂ ಅದೇ, ಕಾಯಿಗೂ ಅದೇ, ಕೊಬ್ಬರಿಗೂ 'ಡ್ರೈ ಕೋಕನಟ್' ಎಂಬ ಬಡ ಹೆಸರು. ಕೊಪ್ರಾ ಎಂಬ ಪದ ಇಂಗ್ಲಿಷಿಗೆ ಹೋದದ್ದೂ ಮಲಯಾಳದ ಕರಾವಳಿಯಿಂದಲೇ, ಪೋರ್ಚುಗೀಸರ ಹಡಗಿನಲ್ಲಿ.

ಸಂಜೆ ಅವನಿಂದ ಮೆಸೇಜು: ನವರಂಗಕ್ಕೆ ಹಾಲ್ ಎನ್ನೋದಾ, ಪೆವಿಲಿಯನ್ ಎನ್ನೋದಾ? ಹೊಯ್ಸಳರ ಕಂಬ ಲೇತಿನಲ್ಲಿ ಕಡೆದದ್ದು ಎಂದರೆ ಜನ ಕರೆಂಟ್ ಎಲ್ಲಿತ್ತು ಎಂದು ಕೇಳುತ್ತಾರೆ, ಟರ್ನ್ಡ್ ಎಂದರೆ ತಿರುಗಿದ್ದು ಎಂದುಕೊಳ್ಳುತ್ತಾರೆ, ಏನ್ ಮಾಡ್ಲಿ? ನಾಳೆ ಬರ್ಲಾ? ಬರಬೇಡ, ನಾಳೆ ಅಟ್ಟದ ಕಾಯಿ ಇಳಿಸಿ ಸುಲಿಯಲು ಆಳುಗಳು ಬರುತ್ತಾರೆ, ಮುಂದಿನ ವಾರ ನಾನೇ ಬರುತ್ತೇನೆ ಎಂದು ಬರೆದೆ. ಲೇತಿನದು ಯೋಚಿಸಬೇಕು.